‘14 ವರ್ಷಕ್ಕೆ ಹೊರಗೆ ಬರ್ತಾನಲ್ವಾ ವಕೀಲರೇ?’

ಕೊಲೆ ಕೇಸಿನ ತೀರ್ಪು ಬಂದ ದಿನ ಕಾಸರಗೋಡಿನ ವಿದ್ಯಾನಗರದ ಕೋರ್ಟಿನ ಹೊರಗೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ನೇಣು ಹಾಕಬೇಕಿತ್ತು. ಜೀವಾವಧಿ ಅಂದ್ರೆ 14 ವರ್ಷ, ಆಮೇಲೆ ಹೊರಗೆ ಬರ್ತಾನಲ್ವಾ?" ಕನ್ನಡದಲ್ಲಿ ಕೇಳುತ್ತಾರೆ, ತುಳುವಿನಲ್ಲಿ ಕೇಳುತ್ತಾರೆ, ಮಲಯಾಳದಲ್ಲಿ ಕೇಳುತ್ತಾರೆ. ಓದಿದವರೂ ಕೇಳುತ್ತಾರೆ, ಅದೇ ನನಗೆ ಬೇಸರ.

ಇಲ್ಲ. ಜೀವಾವಧಿ ಅಂದರೆ ಜೀವ ಇರುವವರೆಗೆ. ಗಾಂಧಿ ಹತ್ಯೆ ಕೇಸಿನಲ್ಲಿ ಜೀವಾವಧಿ ಆಗಿದ್ದ ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಹೀಗೆ ಹೇಳಿದೆ. ಮತ್ತೆ ಈ 14 ಎಲ್ಲಿಂದ ಬಂತು? ಸರಕಾರಗಳು ಕೈದಿಗಳನ್ನು ತೀರಾ ಬೇಗ ಬಿಡುತ್ತಿದ್ದವು. ಅದನ್ನು ತಡೆಯಲು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) 433ಎ ಕಲಂ ತಂದರು. ಮರಣದಂಡನೆಗೂ ಅವಕಾಶ ಇರುವ ಅಪರಾಧದಲ್ಲಿ ಜೀವಾವಧಿ ಆದವನನ್ನು 14 ವರ್ಷ ತುಂಬುವ ಮೊದಲು ಬಿಡುವ ಹಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅದರ ಜಾಗಕ್ಕೆ ಬಂದ ಹೊಸ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದು ಉಳಿದಿದೆ.

ಕಾರಿನ ಡ್ರೈವಿಂಗ್ ಲೈಸೆನ್ಸಿಗೆ 18 ತುಂಬಬೇಕು. ಹಾಗಂತ 18 ತುಂಬಿದ ದಿನ ಯಾರಾದರೂ ಲೈಸೆನ್ಸನ್ನು ಮನೆಗೆ ತಂದು ಕೊಡುತ್ತಾರಾ? ಅರ್ಜಿ ಹಾಕಬೇಕು, ಟೆಸ್ಟ್ ಆಗಬೇಕು, ಫೇಲ್ ಆಗಲೂಬಹುದು. ಇದೂ ಹಾಗೆಯೇ. 14 ತುಂಬಿದ ಮೇಲೆ ಹೆಸರು ಪರಿಶೀಲನೆಗೆ ಬರಬಹುದು. ಜೈಲಿನವರ ವರದಿ, ಪೊಲೀಸರ ವರದಿ ನೋಡಿ ಸರಕಾರ ಬೇಡ ಅನ್ನಬಹುದು. ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಬೇರೆಯೇ ಇದೆ, ರಾಜ್ಯದಿಂದ ರಾಜ್ಯಕ್ಕೆ ನಿಯಮವೂ ಬೇರೆ. ಹಾಗಾಗಿ ಪಕ್ಕದ ಮನೆಯವರ ಕೇಸಿನ ಲೆಕ್ಕವನ್ನು ನಿಮ್ಮ ಕೇಸಿಗೆ ಹಾಕಬೇಡಿ. 2008ರಲ್ಲಿ, ಹೆಂಡತಿಯನ್ನು ಕೊಂದ ಬೆಂಗಳೂರಿನ ಶ್ರದ್ಧಾನಂದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ನೇಣು ಬೇಡ, ಸಾಯುವವರೆಗೆ ಬಿಡಲೂ ಬೇಡ ಎಂದಿತು. ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಈ ಅಧಿಕಾರ ಇದೆ ಎಂದು 2015ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಒಪ್ಪಿತು.

ಕೆಲವು ವರ್ಷಗಳ ಹಿಂದೆ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ತೀರ್ಪು ಕೇಳಿ ಕುಸಿದು ಕೂತರು. ಜೀವಾವಧಿ ಆಗಿತ್ತು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಚಾ ಹಾಗೇ ತಣ್ಣಗಾಯಿತು. ಇಲ್ಲಿ ನೇಣು ಎಂದರೂ ಅದು ಎರ್ನಾಕುಳದ ಹೈಕೋರ್ಟಿಗೆ ಹೋಗಲೇಬೇಕು, ಅಲ್ಲಿ ಒಪ್ಪಿದ ಮೇಲೆ ಡೆಲ್ಲಿಯ ಸುಪ್ರೀಂ ಕೋರ್ಟು, ಮತ್ತೆ ಮರುಪರಿಶೀಲನೆ, ರಾಷ್ಟ್ರಪತಿಗೆ ಅರ್ಜಿ ಎಂದು ವಿವರಿಸಿದೆ. 2012ರ ಡೆಲ್ಲಿಯ ನಿರ್ಭಯಾ ಪ್ರಕರಣವನ್ನು ಇಡೀ ದೇಶ ನೋಡುತ್ತಿತ್ತು. ಅದರಲ್ಲೂ ನೇಣಾದದ್ದು 2020ರ ಮಾರ್ಚ್‌ನಲ್ಲಿ. ಅವರು ಎಲ್ಲ ಕೇಳಿ ಒಂದೇ ಮಾತು ಕೇಳಿದರು: "ಅವನು ನಮ್ಮ ಬಸ್ಸಿನಲ್ಲಿ ಎದುರು ಸಿಗುವುದಿಲ್ಲ ಅಲ್ವಾ?"

ಅವರಿಗೆ ಬೇಕಾದದ್ದು ಅಷ್ಟೇ. ನಾನು ಮಾತು ಕೊಡಲಿಲ್ಲ, ಕೊಡಲೂಬಾರದು. ಬಿಡುಗಡೆಯ ವಿಷಯ ಬಂದರೆ ತಕರಾರು ಹಾಕೋಣ ಎಂದೆ.

ನೇಣು ಶಿಕ್ಷೆಯೇ ಹೋಗಬೇಕು ಎಂದು ನನ್ನ ಅಭಿಪ್ರಾಯ. 2015ರಲ್ಲಿ ಕಾನೂನು ಆಯೋಗ ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಸಾರುವ ಅಪರಾಧ ಬಿಟ್ಟು ಉಳಿದದ್ದಕ್ಕೆಲ್ಲ ಬೇಡ ಎಂದಿತು. ನಾಸಿಕದ ಒಂದು ಪ್ರಕರಣದಲ್ಲಿ ಆರು ಮಂದಿಗೂ ಮರಣದಂಡನೆಯೇ ಸರಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. 2019ರಲ್ಲಿ ಅದೇ ಕೋರ್ಟು ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಅಷ್ಟರಲ್ಲಿ 16 ವರ್ಷ ಜೈಲಿನಲ್ಲಿ ಕಳೆದಿತ್ತು.

ನಮ್ಮ ಕಡೆ ತಪ್ಪಾಗಲು ದಾರಿಗಳು ಇನ್ನೂ ಜಾಸ್ತಿ. ಸಾಕ್ಷಿಯ ಮಾತು ತುಳು, ಬರೆಯುವುದು ಮಲಯಾಳ, ತೀರ್ಪು ಇಂಗ್ಲಿಷ್. ಒಂದು ಕೇಸಿನಲ್ಲಿ ಸಾಕ್ಷಿ "ಅವನ ಕೈಯಲ್ಲಿ ಕತ್ತಿ ಇತ್ತು" ಎಂದ. ನಮ್ಮ ತೋಟದವರಿಗೆ ಕತ್ತಿ ಅಂದರೆ ಹುಲ್ಲು, ಸೊಪ್ಪು ಕೊಯ್ಯುವುದು, ದಿನಾ ಕೈಯಲ್ಲಿ ಇರುವುದು. ಮಲಯಾಳದಲ್ಲಿ ಕತ್ತಿ ಅಂದರೆ ಚೂರಿ. ಚೂರಿ ಹಿಡಿದು ಬಂದವನು ಮೊದಲೇ ಕೊಲ್ಲಲು ಹೊರಟವನು ಅಂತಾಗುತ್ತದೆ. ಬರೆದದ್ದನ್ನು ತುಳುವಿನಲ್ಲಿ ಓದಿ ಹೇಳುವಾಗ ಆ ಸಾಕ್ಷಿಯೇ ತಡೆದ. "ಚೂರಿ ಅಲ್ಲ ಸಾರ್, ಸೊಪ್ಪಿನ ಕತ್ತಿ." ತಿದ್ದಿದರು. ಎಲ್ಲ ಸಾಕ್ಷಿಗಳೂ ಹಾಗೆ ತಡೆಯುವುದಿಲ್ಲ.