ಶರ್ಮನ್ ಡಿಡಿ: ಟ್ಯಾಂಕು ತೇಲಿದ್ದು ಹೇಗೆ, ಮುಳುಗಿದ್ದೇಕೆ

ಶರ್ಮನ್ ಡಿಡಿ ಎಂದರೆ ಎರಡನೇ ಮಹಾಯುದ್ಧದಲ್ಲಿ ಸಮುದ್ರದಿಂದ ದಡಕ್ಕೆ ಈಜಿ ಬರುವಂತೆ ಮಾರ್ಪಡಿಸಿದ ಅಮೆರಿಕದ ಶರ್ಮನ್ ಟ್ಯಾಂಕು. ಮೊದಲು ಒಂದು ಒರಟು ಲೆಕ್ಕ. ಟ್ಯಾಂಕಿನ ತೂಕ 32 ಟನ್ ಎಂದಿಟ್ಟುಕೊಳ್ಳಿ. ಅದು ತೇಲಬೇಕಾದರೆ ಅಷ್ಟೇ ತೂಕದ ಸಮುದ್ರದ ನೀರನ್ನು, ಅಂದರೆ ಸುಮಾರು 31 ಘನ ಮೀಟರ್, ಪಕ್ಕಕ್ಕೆ ತಳ್ಳಬೇಕು. ಒಡಲು 6 ಮೀಟರ್ ಉದ್ದ, 2.6 ಮೀಟರ್ ಅಗಲ ಎಂದರೆ 2 ಮೀಟರ್ ಆಳಕ್ಕೆ ಇಳಿಯುತ್ತದೆ. ಅಷ್ಟು ಎತ್ತರದ ಒಡಲು ಶರ್ಮನ್‌ಗೆ ಇಲ್ಲ. ಉಳಿದ ಎತ್ತರವನ್ನು ಹಂಗೇರಿ ಮೂಲದ ಎಂಜಿನಿಯರ್ ನಿಕೋಲಸ್ ಸ್ಟ್ರಾಸ್ಲರ್ ಕ್ಯಾನ್ವಾಸಿನಿಂದ ತುಂಬಿಸಿದರು.

ಒಡಲಿನ ಸುತ್ತ ಬೆಸುಗೆ ಹಾಕಿದ ಚೌಕಟ್ಟಿಗೆ ನೀರು ಇಳಿಯದ ಕ್ಯಾನ್ವಾಸ್ ಪರದೆ. ಅದರೊಳಗೆ 36 ರಬ್ಬರ್ ಕೊಳವೆಗಳು. ಸಿಲಿಂಡರಿನ ಗಾಳಿ ತುಂಬಿದರೆ ಸುಮಾರು 15 ನಿಮಿಷದಲ್ಲಿ ಪರದೆ ಎದ್ದು ನಿಲ್ಲುತ್ತದೆ, ಆಮೇಲೆ ಉಕ್ಕಿನ ಆಸರೆ ಸರಳುಗಳು ಹಿಡಿದುಕೊಳ್ಳುತ್ತವೆ. ಇಲ್ಲೇ ಬಹಳ ಜನ ಎಡವುವುದು: ಟ್ಯಾಂಕನ್ನು ತೇಲಿಸುವುದು ಕೊಳವೆಯ ಗಾಳಿಯಲ್ಲ. ಕೊಳವೆಗಳು ಬರೀ ಕಂಬಗಳು. ತೇಲಿಸುವುದು ಪರದೆ ಹೊರಗೇ ತಡೆದು ಪಕ್ಕಕ್ಕೆ ತಳ್ಳಿದ ನೀರು. ಟ್ಯಾಂಕು ನೀರಿನ ಮಟ್ಟಕ್ಕಿಂತ ಕೆಳಗೆ, ಬಟ್ಟೆಯ ದೋಣಿಯ ತಳದಲ್ಲಿ ಕೂತಂತಿರುತ್ತದೆ.

ಡಿಡಿ ಎಂದರೆ ಡ್ಯೂಪ್ಲೆಕ್ಸ್ ಡ್ರೈವ್, ಇಬ್ಬಗೆಯ ಚಾಲನೆ. ಶರ್ಮನ್‌ನ ಗೇರ್‌ಬಾಕ್ಸ್ ಮುಂಭಾಗದಲ್ಲಿದೆ. ಅಲ್ಲಿಂದ ಹಿಂದಕ್ಕೆ ಶಾಫ್ಟ್ ಎಳೆಯುವುದು ತಾಪತ್ರಯ. ಅದಕ್ಕೇ ಹಿಂದಿನ ಚಕ್ರಗಳಿಗೆ ಹಲ್ಲು ಕೊಟ್ಟು, ಓಡುವ ಟ್ರ್ಯಾಕ್‌ನಿಂದಲೇ (ಚಕ್ರಗಳ ಸುತ್ತಲಿನ ಪಟ್ಟಿ) ಎರಡು ಪ್ರೊಪೆಲರ್ ತಿರುಗಿಸಿದರು. ವೇಗ ಸುಮಾರು 4 ನಾಟ್, ಅಂದರೆ ಗಂಟೆಗೆ ಸುಮಾರು 7 ಕಿ.ಮೀ. ಇದರಲ್ಲೊಂದು ಜಾಣ ಲಾಭವಿದೆ: ಮರಳು ತಾಗುವಾಗ ಟ್ರ್ಯಾಕ್ ಆಗಲೇ ಓಡುತ್ತಿರುತ್ತದೆ. ಪರದೆ ಇಳಿಸುವ ತನಕ ಮಾತ್ರ ಫಿರಂಗಿ ಹಾರಿಸುವಂತಿಲ್ಲ.

ತೊಂದರೆ ಇರುವುದು ಪರದೆಯ ಅಂಚಿನಲ್ಲಿ. ನೀರಿನ ಮೇಲೆ ಉಳಿಯುವುದು ಸುಮಾರು 0.9 ಮೀಟರ್, ವಿನ್ಯಾಸ ಮಾಡಿದ್ದು 0.3 ಮೀಟರ್ ಅಲೆಗೆ. 1944ರ ಜೂನ್ 6ರಂದು, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ ದಿನ, ಅಲ್ಲಿನ ಒಮಾಹಾ ಎಂಬ ತೀರದ ಮುಂದೆ ಅಲೆಗಳು 1.8 ಮೀಟರ್‌ವರೆಗೆ ಏಳುತ್ತಿದ್ದವು. ಅಮೆರಿಕದ 741ನೇ ಟ್ಯಾಂಕ್ ಬೆಟಾಲಿಯನ್ ದಡದಿಂದ ಸುಮಾರು 5 ಕಿ.ಮೀ. ದೂರದಲ್ಲಿ 29 ಟ್ಯಾಂಕುಗಳನ್ನು ನೀರಿಗಿಳಿಸಿತು, 27 ಮುಳುಗಿದವು. ಅಲೆ ಅಡ್ಡಲಾಗಿ ಬಡಿದರೆ ಉದ್ದನೆಯ ಪಕ್ಕದ ಪರದೆ ಒಳಕ್ಕೆ ಬಾಗುತ್ತದೆ, ಆಸರೆ ಸರಳು ಜಾರುತ್ತದೆ. ಒಮ್ಮೆ ನೀರು ನುಗ್ಗಿತೋ, ಹೊರಹಾಕುವ ಪಂಪು ಸಾಲದು.

ಅದೇ ಒಮಾಹಾದ ಪಶ್ಚಿಮ ಭಾಗದಲ್ಲಿ 743ನೇ ಬೆಟಾಲಿಯನ್‌ನವರು ಸಮುದ್ರ ನೋಡಿ ಮನಸ್ಸು ಬದಲಿಸಿದರು. ಟ್ಯಾಂಕುಗಳನ್ನು ಈಜಿಸದೆ ದೋಣಿಗಳಲ್ಲೇ ಮರಳಿನವರೆಗೆ ಒಯ್ದು ಇಳಿಸಿದರು.