ಸ್ಯಾಂಪಲ್ ಅನಾಲಿಸಿಸ್‌ಗೆ ಕಳ್ಸೋ ಮುಂಚೆ ತಿಳ್ಕೋಬೇಕಾದ್ದು

ಎಂಎಸ್ಸಿ ಪ್ರಾಜೆಕ್ಟ್ ಮಾಡ್ತಿರೋರಿಗೆ, ಪಿಎಚ್‌ಡಿ ಶುರು ಮಾಡಿರೋರಿಗೆ ಅಂತ ಈ ಟಿಪ್ಪಣಿ. ನಮ್ಮ ಬಹಳಷ್ಟು ಕಾಲೇಜು, ಯೂನಿವರ್ಸಿಟಿಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮಷಿನ್ ಇರಲ್ಲ, ಹಾಗಾಗಿ ಸ್ಯಾಂಪಲ್ ಹೊರಗಡೆ ಕಳಿಸಲೇಬೇಕು. ಇದಕ್ಕೇ ಅಂತ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಬೆಂಬಲದ, ಸೈಫ್ ಅನ್ನೋ ಉಪಕರಣ ಕೇಂದ್ರಗಳಿವೆ, ನಮ್ಮ ಧಾರವಾಡದ ಕರ್ನಾಟಕ ಯೂನಿವರ್ಸಿಟಿಯಲ್ಲೇ ಒಂದಿದೆ, ಐಐಟಿ ಮದ್ರಾಸ್, ಐಐಟಿ ಬಾಂಬೆ, ಲಖನೌದ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐ ಇಲ್ಲೆಲ್ಲಾ ಇವೆ. ದೇಶದಲ್ಲಿ ಯಾವ ಉಪಕರಣ ಎಲ್ಲಿದೆ ಅಂತ ಹುಡುಕಿ ಸ್ಲಾಟ್ ಬುಕ್ ಮಾಡೋಕೆ ಐ-ಸ್ಟೆಮ್ ಪೋರ್ಟಲ್ ಇದೆ, 2020ರ ಜನವರಿಯಲ್ಲಿ ಶುರುವಾಗಿದ್ದು, ಬೆಂಗಳೂರಿನ ಐಐಎಸ್‌ಸಿಯಿಂದಲೇ ನಡೆಯುತ್ತೆ. ಹೊರಗಿನ ವಿದ್ಯಾರ್ಥಿಗಳೂ ಫೀಸ್ ಕಟ್ಟಿ ಸ್ಯಾಂಪಲ್ ಕೊಡಬಹುದು.

ಆದ್ರೆ ಅಲ್ಲಿರೋ ಆಪರೇಟರ್ ನಿಮ್ಮ ರಿಸರ್ಚ್ ಪ್ರಶ್ನೆಗೆ ಉತ್ತರ ಕೊಡಲ್ಲ, ನೀವು ಫಾರ್ಮ್‌ನಲ್ಲಿ ಏನು ಬರೆದಿದ್ದೀರೋ ಅದನ್ನ ಅಳೆದು ಕೊಡ್ತಾರೆ ಅಷ್ಟೇ. ಅದಕ್ಕೇ ನನ್ನ ಮಟ್ಟಿಗೆ ಆ ಫಾರ್ಮ್ ತುಂಬೋದೇ ಪ್ರಯೋಗದ ಅತಿ ಮುಖ್ಯ ಭಾಗ, ಅದನ್ನ ಕೊನೇ ದಿನ ಆತುರದಲ್ಲಿ ತುಂಬಬೇಡಿ.

ಒಂದು ಉದಾಹರಣೆ ಹಿಡ್ಕೊಂಡು ಪೂರ್ತಿ ನೋಡೋಣ. ರಾಯಚೂರು, ಯಾದಗಿರಿ ಕಡೆ ಚಿನ್ನದ ಅದಿರಿರೋ ಶಿಲಾಪಟ್ಟಿ ಇದೆಯಲ್ಲ, ಅಲ್ಲಿನ ಕೆಲವು ಊರುಗಳ ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಸಿಕ್ಕಿದೆ. ನೀವು ಅಂಥ ನೀರಲ್ಲಿ ಆರ್ಸೆನಿಕ್ ಎಷ್ಟಿದೆ ಅಂತ ಐಸಿಪಿ-ಎಂಎಸ್‌ನಲ್ಲಿ (ಬಿಸಿ ಪ್ಲಾಸ್ಮಾದಲ್ಲಿ ಧಾತುಗಳನ್ನ ಅಯಾನ್ ಮಾಡಿ ಮಾಸ್ ಪ್ರಕಾರ ಎಣಿಸೋ ಮಷಿನ್) ನೋಡಬೇಕು ಅಂದ್ಕೊಳ್ಳಿ. ಕುಡಿಯೋ ನೀರಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಹೇಳೋ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ, ಅಂದ್ರೆ 10 ಮೈಕ್ರೋಗ್ರಾಂ. ಇಷ್ಟು ಕಡಿಮೆ ಪ್ರಮಾಣ ಅಳೀವಾಗ ಬಾಟಲಿ ತುಂಬೋ ರೀತಿಯಿಂದಲೇ ಉತ್ತರ ಬದಲಾಗುತ್ತೆ.

ಹೇಗೆ ಅಂದ್ರೆ, ಬೋರ್‌ವೆಲ್ ನೀರಲ್ಲಿ ಕರಗಿದ ಕಬ್ಬಿಣ ಇದ್ರೆ ಅದು ಹೊರಗೆ ಬಂದು ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣದ ಗಸಿಯಾಗಿ ಕೆಳಗೆ ಕೂರುತ್ತೆ, ಆರ್ಸೆನಿಕ್ ಆ ಗಸಿಗೆ ಅಂಟ್ಕೊಂಡು ಅದರ ಜೊತೆ ಕೆಳಗೆ ಹೋಗುತ್ತೆ, ಲ್ಯಾಬಿಗೆ ತಲುಪೋ ಹೊತ್ತಿಗೆ ಮೇಲಿನ ತಿಳಿ ನೀರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತೆ. ಅದಕ್ಕೆ ಸ್ಥಳದಲ್ಲೇ ಶುದ್ಧ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತರ್ತಾರೆ. ಕರಗಿರೋ ಆರ್ಸೆನಿಕ್ ಮಾತ್ರ ಬೇಕು ಅಂದ್ರೆ ಆಸಿಡ್ ಹಾಕೋ ಮುಂಚೆ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು, ಯಾಕಂದ್ರೆ ಮೊದಲೇ ಆಸಿಡ್ ಬಿದ್ರೆ ಮಣ್ಣಿನ ಕಣಗಳಲ್ಲಿರೋದೂ ಕರಗಿ ಸೇರ್ಕೊಳ್ಳುತ್ತೆ. ಜನ ಕುಡೀತಿರೋ ನೀರಲ್ಲಿ ಒಟ್ಟು ಎಷ್ಟಿದೆ ಅನ್ನೋದು ಪ್ರಶ್ನೆ ಆದ್ರೆ ಸೋಸಬಾರದು, ಅವರು ಸೋಸದೇ ಕುಡೀತಿದಾರಲ್ಲ. ನೋಡಿ, ನಿಮ್ಮ ಪ್ರಶ್ನೆ ಏನು ಅನ್ನೋದು ಬೋರ್‌ವೆಲ್ ಹತ್ರ ನಿಂತಾಗಲೇ ನಿರ್ಧಾರ ಆಗಿರಬೇಕು.

ಇನ್ನು ಆರ್ಸೆನಿಕ್ ಯಾವ ರೂಪದಲ್ಲಿದೆ, ಅಂದ್ರೆ ಮೂರರ ಆಕ್ಸಿಡೇಷನ್ ಸ್ಥಿತಿಯಲ್ಲೋ ಐದರ ಸ್ಥಿತಿಯಲ್ಲೋ ಅನ್ನೋದು ಬೇಕಾದ್ರೆ ಬರೀ ಐಸಿಪಿ-ಎಂಎಸ್ ಸಾಲಲ್ಲ, ಅದು ಒಟ್ಟು ಲೆಕ್ಕ ಮಾತ್ರ ಕೊಡುತ್ತೆ. ಅದರ ಮುಂಭಾಗಕ್ಕೆ ಎಚ್‌ಪಿಎಲ್‌ಸಿ (ಈ ರೂಪಗಳನ್ನ ಮೊದಲು ಬೇರ್ಪಡಿಸೋ ಉಪಕರಣ) ಜೋಡಿಸಿರೋ ಕಡೆಗೆ ಕಳಿಸಬೇಕು, ನೈಟ್ರಿಕ್ ಆಸಿಡ್ ಬದಲು ಇಡಿಟಿಎ (ಕಬ್ಬಿಣದಂಥ ಲೋಹಗಳನ್ನ ಹಿಡಿದಿಡೋ ರಾಸಾಯನಿಕ) ಹಾಕಿ ಕತ್ತಲಲ್ಲಿ ತಣ್ಣಗೆ ಇಡಬೇಕು, ಇಲ್ಲಾಂದ್ರೆ ದಾರೀಲೇ ರೂಪ ಬದಲಾಗಿಬಿಡುತ್ತೆ. ಮೂರರ ರೂಪ ಹೆಚ್ಚು ವಿಷಕಾರಿ, ನೀರಿಂದ ತೆಗೆಯೋದೂ ಕಷ್ಟ, ಫಿಲ್ಟರ್ ಡಿಸೈನ್ ಮಾಡೋರಿಗೆ ಇದು ಗೊತ್ತಿರಲೇಬೇಕು.

ಈಗ ಮಷಿನ್ ಒಳಗೆ ಏನಾಗುತ್ತೆ ನೋಡಿ, ನಂಗೆ ತುಂಬಾ ಇಷ್ಟದ ಭಾಗ ಇದು. ಐಸಿಪಿ-ಎಂಎಸ್ ನಡೆಯೋದು ಆರ್ಗಾನ್ ಪ್ಲಾಸ್ಮಾದಲ್ಲಿ. ಆರ್ಗಾನ್‌ನ ಮಾಸ್ 40, ಕ್ಲೋರಿನ್‌ದು 35, ಇವೆರಡು ಸೇರಿದ್ರೆ 75. ಆರ್ಸೆನಿಕ್‌ದೂ 75, ಅದಕ್ಕೆ ಇರೋದು ಅದೊಂದೇ ಸ್ಥಿರ ಐಸೋಟೋಪ್, ಬೇರೆ ಮಾಸ್‌ನಲ್ಲಿ ನೋಡೋಣ ಅಂದ್ರೂ ಆಗಲ್ಲ. ಅಂದ್ರೆ ಸ್ಯಾಂಪಲ್‌ನಲ್ಲಿ ಕ್ಲೋರೈಡ್ ಜಾಸ್ತಿ ಇದ್ರೆ ಇಲ್ಲದ ಆರ್ಸೆನಿಕ್ ಇದೆ ಅಂತ ತೋರಿಸಬಹುದು! ಹೈಡ್ರೋಕ್ಲೋರಿಕ್ ಆಸಿಡ್ ಬಳಸಬೇಡಿ ಅನ್ನೋದು ಇದಕ್ಕೇ, ಆದ್ರೆ ಉಪ್ಪುಪ್ಪಾದ ಬೋರ್‌ವೆಲ್ ನೀರಲ್ಲಿ ಕ್ಲೋರೈಡ್ ತಾನಾಗೇ ಇರುತ್ತಲ್ಲ, ಅದಕ್ಕೆ ಹೀಲಿಯಂ ತುಂಬಿದ ಕೊಲಿಷನ್ ಸೆಲ್ ಬಳಸ್ತಾರೆ. ಆರ್ಗಾನ್-ಕ್ಲೋರಿನ್ ಜೋಡಿ ಗಾತ್ರದಲ್ಲಿ ದೊಡ್ಡದು, ಹೀಲಿಯಂಗೆ ಹೆಚ್ಚು ಸಲ ಡಿಕ್ಕಿ ಹೊಡೆದು ಶಕ್ತಿ ಕಳ್ಕೊಂಡು ಹಿಂದೆ ಉಳಿಯುತ್ತೆ, ಆರ್ಸೆನಿಕ್ ದಾಟಿ ಹೋಗುತ್ತೆ. ಕಬ್ಬಿಣಕ್ಕೂ ಇದೇ ಕಥೆ, ಆರ್ಗಾನ್ ಜೊತೆ ಆಕ್ಸಿಜನ್ (16) ಸೇರಿದ್ರೆ 56, ಕಬ್ಬಿಣದ ಮುಖ್ಯ ಐಸೋಟೋಪ್‌ದೂ 56. ಹಾಗಾಗಿ ಫಾರ್ಮ್‌ನಲ್ಲಿ "ಕ್ಲೋರೈಡ್ ಜಾಸ್ತಿ ಇದೆ, ಹೀಲಿಯಂ ಮೋಡ್ ಬೇಕು" ಅಂತ ಬರೀರಿ, ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಘನವಸ್ತು) ಎಷ್ಟು ಅಂತಾನೂ ಬರೀರಿ. ಸಾಮಾನ್ಯವಾಗಿ ಟಿಡಿಎಸ್ 0.2 ಪರ್ಸೆಂಟ್ ದಾಟಿದ್ರೆ ಡೈಲ್ಯೂಟ್ ಮಾಡ್ತಾರೆ, ರಿಪೋರ್ಟ್‌ನಲ್ಲಿರೋ ಸಂಖ್ಯೆ ಡೈಲ್ಯೂಷನ್ ಗುಣಿಸಿದ ಮೇಲಿನದೋ ಮೊದಲಿನದೋ ಅಂತ ಕೇಳಿ ಖಚಿತ ಮಾಡ್ಕೊಳ್ಳಿ.

ಸ್ಯಾಂಪಲ್ ಜೊತೆ ಬ್ಲ್ಯಾಂಕ್ ಕಳಿಸಿ, ಅಂದ್ರೆ ಶುದ್ಧ ನೀರಿಗೆ ಅದೇ ಆಸಿಡ್ ಅದೇ ಬಾಟಲಿ. ಒಂದು ಸ್ಯಾಂಪಲ್‌ನ ಎರಡು ಬಾಟಲಿ ಮಾಡಿ ಬೇರೆ ಬೇರೆ ನಂಬರ್ ಹಾಕಿ ಕಳಿಸಿ, ಎರಡೂ ಹತ್ತಿರ ಹತ್ತಿರ ಬಂದ್ರೆ ಧೈರ್ಯ ಬರುತ್ತೆ. ಮೌಲ್ಯ ಮೊದಲೇ ಗೊತ್ತಿರೋ ಪ್ರಮಾಣೀಕೃತ ರೆಫರೆನ್ಸ್ ಮೆಟೀರಿಯಲ್ ಓಡಿಸಿದ್ರಾ ಅಂತ ಕೇಳಿ, ಅದರ ರೀಡಿಂಗ್ ನಿಮ್ಮ ಥೀಸಿಸ್‌ಗೂ ಬೇಕಾಗುತ್ತೆ. ಇನ್ನೊಂದು, ರಿಪೋರ್ಟ್‌ನಲ್ಲಿ ಬಿಡಿಎಲ್ ಅಂತ ಬಂದ್ರೆ ಅದನ್ನ ಸೊನ್ನೆ ಅಂತ ಎಕ್ಸೆಲ್‌ನಲ್ಲಿ ಹಾಕಬೇಡಿ, ಡಿಟೆಕ್ಷನ್ ಲಿಮಿಟ್‌ಗಿಂತ ಕಡಿಮೆ ಅಂತ ಮಾತ್ರ ಅದರರ್ಥ, ಆ ಲಿಮಿಟ್ ಎಷ್ಟು ಅಂತ ಪಕ್ಕದಲ್ಲಿ ಬರೀಬೇಕು. ಲಿಮಿಟ್‌ನ ಸಾಮಾನ್ಯವಾಗಿ ಬ್ಲ್ಯಾಂಕ್‌ನ ಸ್ಟ್ಯಾಂಡರ್ಡ್ ಡಿವಿಯೇಷನ್‌ನ ಮೂರು ಪಟ್ಟು ಅಂತ ಲೆಕ್ಕ ಹಾಕ್ತಾರೆ, ನಂಬಿಕೆಯಿಂದ ಸಂಖ್ಯೆ ಹೇಳೋಕೆ ಹತ್ತು ಪಟ್ಟು.

ಮೆಟೀರಿಯಲ್ಸ್ ಕಡೆಯವರಿಗೆ ಒಂದು ಮಾತು. ಎಸ್‌ಇಎಂಗೆ (ಎಲೆಕ್ಟ್ರಾನ್ ಕಿರಣದಿಂದ ಮೇಲ್ಮೈಯ ಫೋಟೋ ತೆಗೆಯೋ ಮೈಕ್ರೋಸ್ಕೋಪ್) ಕರೆಂಟ್ ಹರಿಯದ ಸ್ಯಾಂಪಲ್ ಕೊಟ್ರೆ ಚಾರ್ಜ್ ಆಗಬಾರದು ಅಂತ ಮಾಮೂಲಾಗಿ ಚಿನ್ನದ ತೆಳು ಲೇಪ ಹಾಕ್ತಾರೆ. ಫೋಟೋ ಮಾತ್ರ ಬೇಕು ಅಂದ್ರೆ ತೊಂದ್ರೆ ಇಲ್ಲ. ಆದ್ರೆ ನೀವು ಮೂಳೆಗೆ ಸಂಬಂಧಿಸಿದ ಹೈಡ್ರಾಕ್ಸಿಅಪಟೈಟ್ ಮಾಡಿ ಕ್ಯಾಲ್ಸಿಯಂ-ಫಾಸ್ಫರಸ್ ಅನುಪಾತ 1.67 ಬರುತ್ತಾ ಅಂತ ಇಡಿಎಸ್‌ನಲ್ಲಿ (ಅದೇ ಮೈಕ್ರೋಸ್ಕೋಪ್‌ನಲ್ಲಿ ಎಕ್ಸ್‌ರೇ ಶಕ್ತಿ ನೋಡಿ ಧಾತು ಗುರುತಿಸೋ ಭಾಗ) ನೋಡ್ತೀರಿ ಅಂದ್ಕೊಳ್ಳಿ, ಫಾಸ್ಫರಸ್ ಪೀಕ್ 2.01 ಕೆಇವಿಯಲ್ಲಿ, ಚಿನ್ನದ್ದು 2.12ರಲ್ಲಿ, ಒಂದರ ಮೇಲೊಂದು ಬಿದ್ದು ಅನುಪಾತ ಹಾಳಾಗುತ್ತೆ. ಕಾರ್ಬನ್ ಲೇಪ ಹಾಕಿ ಅಂತ ಒಂದೇ ಸಾಲು ಬರೆದಿದ್ರೆ ಸಾಕಿತ್ತು.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಚದುರುವಿಕೆಯಿಂದ ಸ್ಫಟಿಕ ರಚನೆ ನೋಡೋದು) ಯಾವ ಫೇಸ್, ಅಂದ್ರೆ ಯಾವ ಸ್ಫಟಿಕ ರೂಪ ಇದೆ ಅಂತ ಗುರುತಿಸೋಕೆ ಬೇಗನೆ ಮುಗಿಯೋ ಸ್ಕ್ಯಾನ್ ಸಾಕು, ರಿಟ್‌ವೆಲ್ಡ್ (ಪೂರ್ತಿ ಪ್ಯಾಟರ್ನ್‌ಗೆ ರಚನೆಯ ಮಾದರಿ ಹೊಂದಿಸೋ ವಿಧಾನ) ಮಾಡ್ತೀರಿ ಅಂದ್ರೆ ನಿಧಾನದ, ಸಣ್ಣ ಸ್ಟೆಪ್‌ನ ಸ್ಕ್ಯಾನ್ ಕೇಳಬೇಕು. ಪೀಕ್ ಅಗಲದಿಂದ ಗಾತ್ರ ಲೆಕ್ಕ ಹಾಕೋ ಶೆರರ್ ಸೂತ್ರದಿಂದ ಸಿಗೋದು ಕ್ರಿಸ್ಟಲೈಟ್ (ಕಣದೊಳಗಿನ ಒಂದೊಂದು ಸ್ಫಟಿಕ ತುಣುಕು) ಗಾತ್ರ, ಕಣದ ಗಾತ್ರ ಅಲ್ಲ, ಅದೂ ಮಷಿನ್‌ನಿಂದಲೇ ಬರೋ ಪೀಕ್ ಅಗಲ ಕಳೆದ ಮೇಲೆ, ಹಾಗಾಗಿ ಸ್ಟ್ಯಾಂಡರ್ಡ್‌ನ ಪ್ಯಾಟರ್ನ್ ಕೂಡ ಕೇಳಿ ತಗೊಳ್ಳಿ. ಕಬ್ಬಿಣ, ಕೋಬಾಲ್ಟ್ ಇರೋ ಸ್ಯಾಂಪಲ್ ತಾಮ್ರದ ಟ್ಯೂಬ್‌ನಲ್ಲಿ ಫ್ಲೋರೆಸೆನ್ಸ್ ಕೊಟ್ಟು ಬ್ಯಾಕ್‌ಗ್ರೌಂಡ್ ಏರುತ್ತೆ, ಮೊದಲೇ ಹೇಳಿಬಿಡಿ.

ಡೇಟಾ ವಿಷಯಕ್ಕೆ ಬರ್ತೀನಿ. ಪಿಡಿಎಫ್ ಮಾತ್ರ ತಗೊಂಡು ಬರಬೇಡಿ. ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಅಣುವಿನ ರಚನೆ ನೋಡೋ ವಿಧಾನ) ಆದ್ರೆ ಎಫ್‌ಐಡಿ, ಅಂದ್ರೆ ಮಷಿನ್‌ನ ಮೂಲ ಸಿಗ್ನಲ್ ಇರೋ ಪೂರ್ತಿ ಫೋಲ್ಡರ್ ಬೇಕು, ಅದಿದ್ರೆ ಸಿಗ್ನಲ್‌ನ ಫೇಸ್, ಬೇಸ್‌ಲೈನ್ ನೀವೇ ಸರಿ ಮಾಡಿ ದ್ರಾವಕವಾಗಿರೋ ಕ್ಲೋರೋಫಾರ್ಮ್‌ನ 7.26 ಪಿಪಿಎಂ ಪೀಕ್‌ಗೆ ಹೊಂದಿಸಿ ಮತ್ತೆ ನೋಡಬಹುದು, ಪಿಡಿಎಫ್‌ನಲ್ಲಿ ಇದ್ಯಾವುದೂ ಆಗಲ್ಲ. ಎಕ್ಸ್‌ಆರ್‌ಡಿ, ಐಸಿಪಿ ಎಲ್ಲದಕ್ಕೂ ಮೂಲ ಫೈಲ್ ಜೊತೆಗೆ ಟೆಕ್ಸ್ಟ್ ರೂಪದ್ದೂ ಕೇಳಿ, ಕಂಪನಿಯ ಸಾಫ್ಟ್‌ವೇರ್ ಇಲ್ಲದೇನೇ ಅದು ತೆರೆಯುತ್ತೆ. ಮಷಿನ್ ಮಾಡೆಲ್, ದಿನಾಂಕ, ಸೆಟ್ಟಿಂಗ್ ಅಲ್ಲೇ ನಿಂತು ಬರ್ಕೊಳ್ಳಿ, ಆಮೇಲೆ ರಿವ್ಯೂವರ್ ಕೇಳಿದಾಗ ಹುಡುಕಾಡೋದು ತಪ್ಪುತ್ತೆ. ಸಿಂಗಲ್ ಕ್ರಿಸ್ಟಲ್ ರಚನೆ ಆದ್ರೆ ರಚನೆಯ ವಿವರ ಇರೋ ಸಿಐಎಫ್ ಫೈಲ್‌ನ ಚೆಕ್‌ಸಿಐಎಫ್ ಅನ್ನೋ ತಪ್ಪು ಹುಡುಕೋ ಆನ್‌ಲೈನ್ ಸೇವೆಯಲ್ಲಿ ಹಾಕಿ ನೋಡಿ, ಆಮೇಲೆ ಸ್ಫಟಿಕ ರಚನೆಗಳ ಭಂಡಾರ ನಡೆಸೋ ಕೇಂಬ್ರಿಡ್ಜ್‌ನ ಸಿಸಿಡಿಸಿಗೆ ಜಮಾ ಮಾಡಿದ್ರೆ ಒಂದು ನಂಬರ್ ಕೊಡ್ತಾರೆ, ಪೇಪರ್‌ನಲ್ಲಿ ಅದು ಹಾಕಬೇಕು. ಬೇರೆ ತರದ ಡೇಟಾ ಇಡೋಕೆ ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್ 2013ರಿಂದ ನಡೆಸ್ತಿರೋ ಝೆನೋಡೋ ಅನ್ನೋ ವೆಬ್‌ಸೈಟ್ ಇದೆ, ಫ್ರೀ, ಡಿಒಐ (ಡೇಟಾಗೆ ಶಾಶ್ವತ ಗುರುತಿನ ನಂಬರ್) ಕೂಡ ಸಿಗುತ್ತೆ. ನೀರಿನ ಡೇಟಾ ಹಾಕುವಾಗ ಬೋರ್‌ವೆಲ್‌ನ ಆಳ, ತಿಂಗಳು, ಸೋಸಿದ್ದೋ ಸೋಸದ್ದೋ ಅನ್ನೋದನ್ನೂ ಒಂದು ಕಾಲಂನಲ್ಲಿ ಕೊಡಿ, ಮುಂದೆ ಅದೇ ಊರಿನಲ್ಲಿ ಕೆಲಸ ಮಾಡೋರು ಹೋಲಿಸಿ ನೋಡೋಕೆ ಅದೇ ಆಧಾರ.