ಗಿಳಿಯ ಸ್ನಾನ: ನೀರು ನಮ್ಮದು, ಕೆಲಸ ಅದರದ್ದು

ಆಫ್ರಿಕದ ಬೂದು ಗಿಳಿಯನ್ನೋ ಬಿಳಿ ಕಾಕಟೂವನ್ನೋ ಸಾಕಿದವರ ಮನೆಯಲ್ಲಿ ಟಿ.ವಿ. ಪರದೆಯ ಮೇಲೆ ಬೆರಳಾಡಿಸಿ ನೋಡಿ. ಒರೆಸಿ ಹೆಚ್ಚು ಹೊತ್ತಾಗಿರದಿದ್ದರೂ ಬೆರಳಿಗೆ ನವಿರಾದ ಬಿಳಿ ಹುಡಿ ಅಂಟುತ್ತದೆ. ಕಿಟಕಿ ಮುಚ್ಚಿದರೆ ಇದು ಕಡಿಮೆಯಾಗುವುದಿಲ್ಲ, ಏಕೆಂದರೆ ಇದನ್ನು ತಯಾರಿಸುತ್ತಿರುವುದು ಗಿಳಿಯೇ. ಈ ಹಕ್ಕಿಗಳ ಹೊರಗರಿಗಳ ಅಡಿಯಲ್ಲಿ ಒಂದು ವಿಶೇಷ ಬಗೆಯ ಮೆದುಗರಿಗಳಿರುತ್ತವೆ. ಅವು ಬುಡದಲ್ಲಿ ಬೆಳೆಯುತ್ತಲೇ ಇರುತ್ತವೆ, ತುದಿಯಲ್ಲಿ ಪುಡಿಯಾಗುತ್ತಲೇ ಇರುತ್ತವೆ. ಪುಡಿಯೆಂದರೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು. ಹಕ್ಕಿಯ ಗರಿ, ಉಗುರು, ಕೊಕ್ಕಿನ ಹೊರಕವಚ ಎಲ್ಲವೂ ಆಗುವುದು ಕೆರಾಟಿನ್‌ನಿಂದಲೇ. ಗಿಳಿ ಆ ಹುಡಿಯನ್ನು ಕೊಕ್ಕಿನಿಂದ ಮೈಗೆಲ್ಲ ಹರಡಿಕೊಳ್ಳುತ್ತದೆ. ಗರಿಗಳ ಮೇಲೆ ನೀರು ನಿಲ್ಲದೆ ಜಾರಿಹೋಗಲು ಅದರಿಂದ ಅನುಕೂಲ.

ಕಾಡಿನಲ್ಲಾದರೆ ಹೆಚ್ಚಾದ ಹುಡಿ ಗಾಳಿಗೆ ಹಾರುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಹತ್ತಡಿ ಅಗಲದ ಕೋಣೆಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಅಲ್ಲೇ ಸುತ್ತುತ್ತ ನಮ್ಮ ಮೂಗಿಗೂ ಸೇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶದ ಅಲರ್ಜಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಚಿರಪರಿಚಿತ. ಇನ್ನೊಂದು ಸಂಗತಿ ಸಾಕುವವರಲ್ಲೂ ಅನೇಕರಿಗೆ ತಿಳಿದಿರುವುದಿಲ್ಲ. ನೀಲಿ-ಹಳದಿ ಮಕಾವ್ ಗಿಳಿಗೆ ಇಂತಹ ಹುಡಿ ಅಷ್ಟಾಗಿ ಇಲ್ಲ. ಅದನ್ನು ಕಾಕಟೂ ಅಥವಾ ಬೂದು ಗಿಳಿಯ ಜೊತೆ ಗಾಳಿಯಾಡದ ಒಂದೇ ಕೋಣೆಯಲ್ಲಿ ಇಟ್ಟರೆ, ನೆರೆಯ ಪಂಜರದ ಹುಡಿಗೆ ಮಕಾವ್‌ನ ಶ್ವಾಸಕೋಶವೇ ಕೆಡಬಹುದು.

ಹೀಗಾಗಿ ಗಿಳಿಗೆ ಸ್ನಾನ ಬೇಕು ಎನ್ನುವ ಮಾತು ಸಾಮಾನ್ಯವಾಗಿ ಧೂಳಿನಿಂದಲೇ ಶುರುವಾಗುತ್ತದೆ. ಮನೆ ಒರೆಸುವವರ ದೃಷ್ಟಿಯಿಂದ ಅದು ಸರಿ. ಗಿಳಿಯ ದೃಷ್ಟಿಯಿಂದ ಸ್ನಾನದ ಮುಖ್ಯ ಲಾಭ ಬೇರೆಡೆ ಇದೆ.

ಪಂಜರದ ತಳದಲ್ಲಿ ಉದುರಿಬಿದ್ದ ರೆಕ್ಕೆಗರಿಯೊಂದನ್ನು ಎತ್ತಿಕೊಳ್ಳಿ. ನಡುದಂಡದ ಒಂದು ಬದಿಯನ್ನು ಮೆಲ್ಲಗೆ ಎಳೆದರೆ ಎಳೆಗಳು ಬಿಟ್ಟುಕೊಂಡು ಅಲ್ಲೊಂದು ಸೀಳು ಮೂಡುತ್ತದೆ. ಈಗ ಬುಡದಿಂದ ತುದಿಯ ಕಡೆಗೆ ಎರಡು ಬೆರಳುಗಳ ನಡುವೆ ಹಿಡಿದು ಸವರಿ. ಸೀಳು ಮಾಯವಾಗುತ್ತದೆ. ಪ್ರತಿ ಎಳೆಯಿಂದಲೂ ಇನ್ನೂ ಸಣ್ಣ ಕವಲುಗಳು ಹೊರಟಿರುತ್ತವೆ. ಒಂದು ಬದಿಯ ಕವಲುಗಳಲ್ಲಿ ಬರಿಗಣ್ಣಿಗೆ ಕಾಣದ ಕೊಕ್ಕೆಗಳು, ಪಕ್ಕದ ಎಳೆಯ ಕವಲುಗಳಲ್ಲಿ ಅವು ಸಿಕ್ಕಿಕೊಳ್ಳುವ ಏಣುಗಳು. ಚೀಲದ ಜಿಪ್ಪಿನಂತೆ ಬಿಚ್ಚಿಕೊಳ್ಳುವ, ಮತ್ತೆ ಕೂಡಿಕೊಳ್ಳುವ ಏರ್ಪಾಡು ಇದು. ಹಾರಾಟದಲ್ಲಿ, ಗೆಲ್ಲಿಗೆ ಉಜ್ಜಿಕೊಂಡಾಗ, ಜೊತೆಗಾರನೊಡನೆ ಜಗಳವಾದಾಗ ಎಲ್ಲೆಲ್ಲೋ ಬಿಚ್ಚಿಕೊಳ್ಳುತ್ತದೆ. ಸರಿಪಡಿಸಲು ಹಕ್ಕಿಯ ಬಳಿ ಇರುವ ಉಪಕರಣ ಕೊಕ್ಕು ಒಂದೇ. ಒಂದೊಂದೇ ಗರಿಯನ್ನು ಕಚ್ಚಿ, ಬುಡದಿಂದ ತುದಿಯವರೆಗೆ ಎಳೆಯುತ್ತ ಹೋಗಬೇಕು.

ನೀರು ಈ ದುರಸ್ತಿಯನ್ನು ಸುಲಭ ಮಾಡುತ್ತದೆ. ನೀರು ತಾಗಿದ ಕೆರಾಟಿನ್ ಕೊಂಚ ಮೆತ್ತಗಾಗುತ್ತದೆ. ಆಗ ಬಾಗಿದ್ದು ನೆಟ್ಟಗಾಗುವುದು ಸುಲಭ, ಒಣಗಿದಾಗ ಹೊಸ ಆಕಾರವೇ ನಿಲ್ಲುತ್ತದೆ. ಡೇಗೆ ಪಳಗಿಸಿ ಬೇಟೆಯಾಡುವವರು ಇದನ್ನು ಹಿಂದಿನಿಂದಲೂ ಬಲ್ಲರು: ಹಕ್ಕಿಯ ಗರಿ ಬಾಗಿದರೆ ಬಿಸಿನೀರಿನಲ್ಲಿ ಅದ್ದಿ ನೇರ ಮಾಡುತ್ತಾರೆ. ಹೊಸ ಗರಿ ಮೂಡುವ ಕಾಲದಲ್ಲೂ ನೀರಿನ ಪ್ರಯೋಜನ ದೊಡ್ಡದು. ಹೊಸ ಗರಿ ಚರ್ಮದಿಂದ ಹೊರಬರುವಾಗ ಕೆರಾಟಿನ್‌ನದೇ ತೆಳುವಾದ ಕೊಳವೆಯೊಳಗೆ ಸುರುಳಿಯಾಗಿರುತ್ತದೆ. ನೆನೆದ ಕೊಳವೆ ಸಲೀಸಾಗಿ ಒಡೆದು ಉದುರುತ್ತದೆ. ತಲೆಯ ತುಂಬ ಮುಳ್ಳುಮುಳ್ಳಾಗಿ ಎದ್ದ ಗಿಳಿ ಆ ದಿನಗಳಲ್ಲಿ ಎಷ್ಟು ತುರಿಸಿಕೊಳ್ಳುತ್ತದೆ ಎಂದು ನೋಡಿದವರಿಗೆ ಇದರ ಬೆಲೆ ಗೊತ್ತು.

ಸ್ನಾನ ಮಾಡಿದ ಹಕ್ಕಿ ನಿಜವಾಗಿ ಬೇರೆ ರೀತಿ ಹಾರುತ್ತದೆಯೇ? ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅವರು ಆರಿಸಿಕೊಂಡದ್ದು ಗಿಳಿಗಳನ್ನಲ್ಲ, ನಮ್ಮ ಮೈನಾಗಳ ಬಳಗದ ಸ್ಟಾರ್ಲಿಂಗ್‌ಗಳನ್ನು. ಕೆಲವು ಹಕ್ಕಿಗಳಿಗೆ ಒಂದು ದಿನ ಸ್ನಾನದ ನೀರು ಇಟ್ಟರು, ಕೆಲವಕ್ಕೆ ಇಡಲಿಲ್ಲ. ಬಳಿಕ ನೇರವಾಗಿ ಇಳಿಬಿಟ್ಟ ದಾರಗಳ ನಡುವೆ ತಪ್ಪಿಸಿಕೊಂಡು ಹಾರುವಂತೆ ಮಾಡಿದರು. ಸ್ನಾನದ ನೀರು ಸಿಕ್ಕವು ನಿಧಾನವಾಗಿ ಹಾರಿದವು, ದಾರಗಳಿಗೆ ಕಡಿಮೆ ಬಡಿದುಕೊಂಡವು. ಸಿಗದವು ಆತುರದಿಂದ ಹಾರಿ ಹೆಚ್ಚು ದಾರಗಳಿಗೆ ತಾಗಿದವು. ತನ್ನ ರೆಕ್ಕೆಯ ಸ್ಥಿತಿ ಸರಿಯಿಲ್ಲದ ಹಕ್ಕಿಗೆ ಅಪಾಯದ ಅಂಜಿಕೆ ಹೆಚ್ಚಿರಬಹುದು ಎಂಬುದು ಸಂಶೋಧಕರ ಊಹೆ. ಪಂಜರದ ಹಕ್ಕಿಯ ವಿಷಯದಲ್ಲಿ ಈ ಊಹೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಾರಲು ಜಾಗವಿಲ್ಲದಿದ್ದರೂ ಹೆದರಲು ಅದಕ್ಕೆ ಬೇಕಾದಷ್ಟು ಕಾರಣಗಳಿರುತ್ತವೆ.

ಸ್ನಾನ ಎಂದಕೂಡಲೇ ಸೋಪು ನೆನಪಾಗುವುದು ಮನುಷ್ಯರ ಅಭ್ಯಾಸ. ಗಿಳಿಗಾದರೆ ಅದು ಹಾನಿ. ಗರಿಗಳ ಮೇಲೆ ನೀರು ಮುತ್ತುಗಟ್ಟಿ ಉರುಳುವುದು ನೀರಿನ ಮೇಲ್ಮೈ ಎಳೆತ ಮತ್ತು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಇವೆರಡರಿಂದ. ಸೋಪಿನ ಕೆಲಸವೇ ಮೇಲ್ಮೈ ಎಳೆತವನ್ನು ತಗ್ಗಿಸುವುದು. ಆಗ ನೀರು ಎಳೆಗಳ ಸಂದುಗಳಿಗೆ ನುಗ್ಗಿ, ಗಾಳಿಯನ್ನು ಹೊರದೂಡಿ, ಚರ್ಮಕ್ಕೇ ತಲಪುತ್ತದೆ. ಜೊತೆಗೆ ಗರಿಗೆ ಸವರಿಕೊಂಡ ಎಣ್ಣೆಯೂ ಹೋಗುತ್ತದೆ. ಅನೇಕ ಹಕ್ಕಿಗಳಿಗೆ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯಿದೆ. ವಿಚಿತ್ರವೆಂದರೆ ದಕ್ಷಿಣ ಅಮೆರಿಕದ ಅಮೆಜಾನ್ ಗಿಳಿಗಳಿಗೂ ನೀಲಮಣಿಯ ಬಣ್ಣದ ಹಯಸಿಂತ್ ಮಕಾವ್‌ಗೂ ಆ ಗ್ರಂಥಿಯೇ ಇಲ್ಲ. ಆದರೂ ಅವು ಮಳೆಕಾಡುಗಳಲ್ಲಿ, ಜೌಗುನೆಲಗಳಲ್ಲಿ ಚೆನ್ನಾಗಿಯೇ ಬಾಳುತ್ತವೆ. ಗರಿಯ ರಚನೆಯೇ ಎಷ್ಟು ಸಮರ್ಥ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ಗರಿಯಲ್ಲಿ ಉಳಿದ ಸೋಪನ್ನು ಗಿಳಿ ಕೊಕ್ಕಿನಿಂದ ತೀಡುತ್ತ ನುಂಗುತ್ತದೆ. ಗಿಳಿಗೆಂದೇ ಶಾಂಪೂ ಮಾರುವವರಿದ್ದಾರೆ. ಆ ಬಾಟಲಿಯಿಂದ ಲಾಭವಾಗುವುದು ಅಂಗಡಿಗೆ. ಜಿಡ್ಡೋ ಬಣ್ಣವೋ ಮೈಗಂಟಿದ್ದರೆ ಪಶುವೈದ್ಯರ ಬಳಿಗೆ ಒಯ್ಯಬೇಕು, ಬಚ್ಚಲಮನೆಗಲ್ಲ.

ನೀರನ್ನು ಹೇಗೆ ಕೊಡಬೇಕು ಎಂಬುದಕ್ಕೆ ಗಿಳಿಯ ತವರೇ ಉತ್ತರ ಹೇಳುತ್ತದೆ. ಆಸ್ಟ್ರೇಲಿಯದ ಒಣ ಒಳನಾಡಿನ ಬಡ್ಜಿ (ನಮ್ಮ ಪೇಟೆಗಳಲ್ಲಿ ಲವ್ ಬರ್ಡ್ಸ್ ಎಂದು ಜೋಡಿಯಾಗಿ ಮಾರುವ ಪುಟ್ಟ ಗಿಳಿ) ಇಬ್ಬನಿ ಬಿದ್ದ ಹುಲ್ಲಿನಲ್ಲಿ ಮೈಯುಜ್ಜಿಕೊಳ್ಳುತ್ತದೆ. ಅದಕ್ಕೆ ಬಟ್ಟಲಿಗಿಂತ, ಚೆನ್ನಾಗಿ ತೊಳೆದು ನೀರು ಒಸರುತ್ತಿರುವ ಕೊತ್ತಂಬರಿಯ ಕಟ್ಟೋ ದಂಟಿನ ಸೊಪ್ಪೋ ಹೆಚ್ಚು ಇಷ್ಟವಾಗುವುದುಂಟು. ಅಲ್ಲಿಯದೇ ಗುಲಾಬಿ ಎದೆಯ ಗಲಾ ಎಂಬ ಕಾಕಟೂ ಮಳೆ ಬಂದರೆ ವಿದ್ಯುತ್ ತಂತಿಗೆ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆಯ ಒಳಮೈಗೂ ನೀರು ಬೀಳುವಂತೆ ಹರಡಿಕೊಳ್ಳುತ್ತದೆ. ಮಳೆಕಾಡಿನ ಅಮೆಜಾನ್, ಬೂದು ಗಿಳಿಗಳಿಗೆ ಮೇಲಿನಿಂದ ಬೀಳುವ ಹನಿಯೇ ಪರಿಚಿತ. ಗುಲಾಬಿ ಕೊರಳಪಟ್ಟಿಯ ನಮ್ಮ ಹಸಿರು ಗಿಳಿ ಮಳೆಯಲ್ಲಿ ಗರಿ ಕೆದರಿಕೊಂಡು ನೆನೆಯುವುದನ್ನು ಕಾಣಲು ಬಾಲ್ಕನಿ ಸಾಕು, ಪಂಜರ ಬೇಡ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೂದು ಗಿಳಿಯಂತಹ ಹೊರದೇಶದ ಹಲವು ಜಾತಿಗಳನ್ನು ಸಾಕುವವರೂ 2024ರ ನಿಯಮಗಳಂತೆ ಸರ್ಕಾರಕ್ಕೆ ವಿವರ ಕೊಟ್ಟು ನೋಂದಾಯಿಸಿಕೊಳ್ಳಬೇಕು.

ಮನೆಯಲ್ಲಿ ಮಳೆ ಮಾಡಲು ಸ್ಪ್ರೇ ಬಾಟಲಿ ಸಾಕು, ಅದು ಹೊಸದಾಗಿರಬೇಕಷ್ಟೆ. ಗಿಡಕ್ಕೆ ಔಷಧಿ ಹೊಡೆದ ಬಾಟಲಿಯನ್ನು ಎಷ್ಟು ತೊಳೆದರೂ ಬಳಸಬಾರದು. ನೀರು ತೀರಾ ತಣ್ಣಗೂ ಬಿಸಿಯೂ ಇರಬಾರದು. ಮುಖಕ್ಕೆ ಗುರಿಯಿಟ್ಟು ಹೊಡೆಯದೆ, ತಲೆಗಿಂತ ಮೇಲಕ್ಕೆ ಸಿಂಪಡಿಸಿ ಹನಿಗಳು ತಾವಾಗಿ ಇಳಿಯಲು ಬಿಡಬೇಕು. ಇಷ್ಟವಾದ ಗಿಳಿ ಗರಿ ಕೆದರಿ, ರೆಕ್ಕೆಗಳನ್ನು ಅರೆಬಿಚ್ಚಿ, ಬಾಲ ಬೀಸಿ, ಹನಿಯ ಕಡೆಗೆ ತಾನೇ ಓಲುತ್ತದೆ. ಇಷ್ಟವಿಲ್ಲದ್ದು ಗರಿಗಳನ್ನು ಮೈಗೆ ಬಿಗಿದುಕೊಂಡು ಸಣ್ಣಗಾಗಿ ದೂರ ಸರಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಹಿಡಿದು ನೆನೆಸಿದರೆ ಗರಿ ಒದ್ದೆಯಾಗುತ್ತದೆ, ಗಿಳಿ ನಿಮ್ಮ ಕೈಯನ್ನು ನಂಬುವುದನ್ನು ಬಿಡುತ್ತದೆ. ಎಂದೂ ಸ್ನಾನ ಕಾಣದ ಗಿಳಿಗೆ ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟು ಪಕ್ಕದಲ್ಲಿ ನಲ್ಲಿ ಬಿಟ್ಟರೆ, ನೀರು ಸುರಿಯುವ ಸದ್ದಿಗೇ ಅದು ತಟ್ಟೆಗಿಳಿಯುವುದುಂಟು.

ಹೊತ್ತು ಬೆಳಗಿನದೋ ಮಧ್ಯಾಹ್ನದ್ದೋ ಆಗಿರಲಿ. ಗಿಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆ ಬಿಸಿಯನ್ನು ಹಿಡಿದಿಡುವುದು ಗರಿಗಳ ನಡುವಿನ ಗಾಳಿ. ಪೂರ್ತಿ ನೆನೆದಾಗ ಆ ಗಾಳಿಯಿಲ್ಲ. 30–40 ಗ್ರಾಂ ತೂಗುವ ಬಡ್ಜಿಯ ಪುಟ್ಟ ಮೈ ಬೇಗನೆ ತಣ್ಣಗಾಗುತ್ತದೆ, ಆದ್ದರಿಂದ ಸಂಜೆಯ ಸ್ನಾನವೂ ಒದ್ದೆ ಮೈಮೇಲೆ ಫ್ಯಾನಿನ ಗಾಳಿಯೂ ಬೇಡ. ತಡವಾಗಿ ಒಣಗುವುದು ಗರಿಗೂ ಒಳ್ಳೆಯದಲ್ಲ, ಕೆರಾಟಿನ್ ತಿನ್ನುವ ಬ್ಯಾಕ್ಟೀರಿಯಾಗಳಿಗೆ ತೇವವೇ ಬೇಕು. ಈ ವಿಷಯದಲ್ಲಿ ಗಿಳಿಗಳಿಗೊಂದು ಸ್ವಂತ ರಕ್ಷಣೆಯಿದೆ. ಅವುಗಳ ಕೆಂಪು, ಹಳದಿ ಬಣ್ಣಗಳು ಬೇರೆ ಯಾವ ಹಕ್ಕಿಯ ಗರಿಯಲ್ಲೂ ಸಿಗದ ಸಿಟಾಕೋಫಲ್ವಿನ್ ಎಂಬ ವರ್ಣದ್ರವ್ಯಗಳಿಂದ ಬಂದವು. ಇಂತಹ ಗರಿಗಳನ್ನು ಬ್ಯಾಕ್ಟೀರಿಯಾಗಳ ಜೊತೆ ಇಟ್ಟು ನೋಡಿದಾಗ ಅವು ಬಿಳಿ ಗರಿಗಳಿಗಿಂತ ನಿಧಾನವಾಗಿ ಶಿಥಿಲವಾದವು ಎಂದು 2011ರ ಅಧ್ಯಯನವೊಂದು ತೋರಿಸಿದೆ.

ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿಯುವುದಂತೂ ಬೇಡವೇ ಬೇಡ. ಅದರ ಬಿಸಿ ಚರ್ಮವನ್ನು ಸುಡಬಹುದು ಎಂಬುದು ಸಣ್ಣ ಕಾರಣ. ಕೆಲವು ಡ್ರೈಯರ್‌ಗಳ ಒಳಗೆ ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಪಿಟಿಎಫ್‌ಇ ಲೇಪನವೇ ಇರುತ್ತದೆ. ಅತಿಯಾಗಿ ಕಾದರೆ ಅದು ಉಗುಳುವ ಹೊಗೆಗೆ ಬಣ್ಣವೂ ಇಲ್ಲ, ನಮ್ಮ ಮೂಗಿಗೆ ತಿಳಿಯುವಂತಹ ವಾಸನೆಯೂ ಇಲ್ಲ. ಹಾರಾಟಕ್ಕೆ ಬೇಕಾದ ಆಮ್ಲಜನಕವನ್ನು ಹೀರಲೆಂದು ರೂಪುಗೊಂಡ ಹಕ್ಕಿಯ ಶ್ವಾಸಕೋಶ ಆ ವಿಷವನ್ನೂ ಅಷ್ಟೇ ದಕ್ಷವಾಗಿ ಹೀರಿಕೊಳ್ಳುತ್ತದೆ, ಗಿಳಿ ನಿಮಿಷಗಳಲ್ಲಿ ಸಾಯಬಹುದು. ಗಾಳಿ ನೇರವಾಗಿ ಬೀಸದ, ಬೆಚ್ಚಗಿನ ಜಾಗದಲ್ಲಿ ಒಂದು ಕೋಲು ಕಟ್ಟಿ ಕೂರಿಸಿದರೆ ಒಣಗಿಸಿಕೊಳ್ಳುವ ಕೆಲಸವನ್ನು ಅದು ತಾನೇ ನೋಡಿಕೊಳ್ಳುತ್ತದೆ.